ಫಲಂಕ್ಸ್: ಸಾಲು ಸಿಕ್ಕಾಗ ಓದುವುದು ಹೇಗೆ

ಹಳೆಯ ಗ್ರೀಕ್ ಓದುವಾಗ ಯುದ್ಧದ ಮಾತು ಬಂತು ಅಂದರೆ ಫಲಂಕ್ಸ್ (ಸಾಮಾನ್ಯವಾಗಿ ಸಾಲುಗಟ್ಟಿ ನಿಂತ ಪಡೆ) ಅನ್ನುವ ಪದ ಬಂದೇ ಬರುತ್ತದೆ. ಮೊದಲು ಉಚ್ಚಾರ. ಇಂಗ್ಲಿಷಿನವರ ಹಾಗೆ ತುಟಿ ಕಚ್ಚಿ ‘ಫ’ ಅನ್ನಬೇಡಿ, ಪಕಾರಕ್ಕೆ ಉಸಿರು ಸೇರಿಸಿ, ಅಷ್ಟೇ. ಗಾಮಾ (ಗ್ರೀಕಿನ ‘ಗ’ ಅಕ್ಷರ) ಆದ ಮೇಲೆ ಇನ್ನೊಂದು ಗಾಮಾ ಅಥವಾ ಕ್ಸೀ (‘ಕ್ಸ್’ ಅಕ್ಷರ) ಬಂದರೆ ಮೊದಲ ಗಾಮಾ ‘ಙ’ ಆಗುತ್ತದೆ. ‘ಗಂಗೆ’ ಅನ್ನುವವರಿಗೆ ಇದೇನು ಕಷ್ಟ ಅಲ್ವಾ?

ಈಗ ರೂಪಗಳು. ಪ್ರಥಮಾ ರೂಪವನ್ನು ನಂಬಿ ಕೂರಬೇಡಿ, ಅದು ಮೋಸ ಮಾಡುತ್ತದೆ. ಪದದ ನಿಜವಾದ ಬುಡ ‘ಫಲಂಗ್’. ಅದಕ್ಕೆ ‘ಸ್’ ಅಂಟಿದಾಗ ಮಾತ್ರ ‘ಕ್ಸ್’ ಆಗುತ್ತದೆ. ಹಾಗಾಗಿ ಷಷ್ಠಿ ಫಲಂಗೊಸ್, ದ್ವಿತೀಯಾ ಫಲಂಗ, ಚತುರ್ಥಿ ಫಲಂಗಿ, ಬಹುವಚನ ಫಲಂಗೆಸ್, ಆದರೆ ಬಹುವಚನದ ಚತುರ್ಥಿಯಲ್ಲಿ ‘ಸಿ’ ಬಂದು ಸೇರುವುದರಿಂದ ಮತ್ತೆ ಫಲಂಕ್ಸಿ. ಷಷ್ಠಿಯೊಂದನ್ನು ಬಾಯಿಪಾಠ ಮಾಡಿದರೆ ಉಳಿದದ್ದು ತಾನಾಗೇ ಬರುತ್ತದೆ. ಲಿಂಗ ಸ್ತ್ರೀಲಿಂಗ, ಒಳಗಿರುವವರೆಲ್ಲ ಗಂಡಸರಾದರೂ!

ಅರ್ಥಕ್ಕೆ ಬಂದರೆ, ಕಂಡಲ್ಲೆಲ್ಲ ಸುಮ್ನೆ ‘ಸೇನಾವ್ಯೂಹ’ ಅಂತ ಬರೆಯಬೇಡಿ. ಇತಿಹಾಸಕಾರ ಹೆರೊಡೊಟಸ್‌ನಲ್ಲಿ ಇಥಿಯೋಪಿಯನ್ನರು ಪರ್ಷಿಯಾದ ರಾಜನಿಗೆ 200 ‘ಫಲಂಗಸ್’ ಕೊಡುತ್ತಾರೆ. ಅದು ದಂಡಲ್ಲ, ಕರಿಮರದ ದಿಮ್ಮಿ. ಹೋಮರ್‌ನಲ್ಲಿ ಇದು ಯುದ್ಧದ ಸಾಲು, ಹೆಚ್ಚಾಗಿ ಬಹುವಚನದಲ್ಲೇ. ಆಮೇಲೆ ಗುರಾಣಿ ಹಿಡಿದ ಹಾಪ್ಲೈಟ್‌ಗಳ (ಗ್ರೀಕ್ ಕಾಲಾಳುಗಳ) ದಟ್ಟ ಪಡೆ, ಹಿಂದೆ ಹಿಂದೆ ಸುಮಾರು 8 ಸಾಲು. ಕ್ರಿ.ಪೂ. 371ರಲ್ಲಿ ಲ್ಯೂಕ್ಟ್ರಾದ ಯುದ್ಧದಲ್ಲಿ ಥೀಬ್ಸ್‌ನವರು ಒಂದು ಕಡೆ 50 ಸಾಲು ಪೇರಿಸಿ ಸ್ಪಾರ್ಟಾವನ್ನು ಮುರಿದರು. ಮ್ಯಾಸಿಡೋನಿಯಾದ ರಾಜ ಫಿಲಿಪ್‌ನ ಕಾಲಕ್ಕೆ ಬಂದರೆ ಅದೇ ಪದಕ್ಕೆ ಸರಿಸ್ಸಾ ಅನ್ನುವ ಉದ್ದನೆಯ ಈಟಿಯವರ ಪಡೆ ಅಂತ ಅರ್ಥ. ಅಂದರೆ ಲೇಖಕ ಯಾವ ಕಾಲದವನು ಅಂತ ನೋಡಿಕೊಂಡೇ ಅರ್ಥ ಹಚ್ಚಬೇಕು.

ಜಾಸ್ತಿ ಜನ ಎಡವುವುದು ಪಕ್ಕದ ಪುಟ್ಟ ಪದದಲ್ಲಿ. ‘ಎಪಿ ಫಲಂಗೊಸ್’ ಅಂದರೆ ಫಲಂಕ್ಸ್‌ನ ಮೇಲೆ ಅಲ್ಲ, ಅಡ್ಡಸಾಲಾಗಿ ಹರಡಿಕೊಂಡು ಅಂತ. ಇದಕ್ಕೆ ಎದುರು ‘ಕತ ಕೆರಸ್’, ಒಬ್ಬರ ಹಿಂದೊಬ್ಬರು ಉದ್ದಕ್ಕೆ. ಗ್ರೀಕ್ ದಂಡಿನ ಪಯಣವನ್ನು ಹೇಳುವ ಕ್ಸೆನೊಫೋನ್‌ನ ಪುಸ್ತಕ ಅನಾಬಸಿಸ್‌ನ ನಾಲ್ಕನೇ ಭಾಗದಲ್ಲಿ ಎರಡೂ ಜೊತೆಗೇ ಸಿಗುತ್ತವೆ: ಕಣಿವೆದಾರಿಯ ಮೇಲೆ ಶತ್ರುಗಳನ್ನು ಕಂಡ ದಂಡನಾಯಕ ಖೈರಿಸೊಫೊಸ್ ಸುಮಾರು 30 ಸ್ಟೇಡಿಯ (ಗ್ರೀಕರ ದೂರದ ಅಳತೆ) ದೂರದಲ್ಲೇ ನಿಲ್ಲುತ್ತಾನೆ, ಉದ್ದಸಾಲಿನಲ್ಲೇ ಹೋಗಿ ಅವರ ಹತ್ತಿರ ಸಿಕ್ಕಿಕೊಳ್ಳಬಾರದು ಅಂತ, ಹಿಂದಿನ ತುಕಡಿಗಳನ್ನು ಪಕ್ಕಕ್ಕೆ ಕರೆಸಿ ಇಡೀ ದಂಡನ್ನು ‘ಎಪಿ ಫಲಂಗೊಸ್’ ಮಾಡಿಸುತ್ತಾನೆ.