ಎಂಜಿನ್ ಇಳಿಸಿದ ಹಳೆಯ ಪರ್ಫಾರ್ಮೆನ್ಸ್ ಬೋಟು: ಬೆಲೆ ಕಟ್ಟುವುದು, ಮಾರುವುದು – ನನ್ನ ಅನುಭವ

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ಬೋಟಿಗೆ ಒಪ್ಪುವುದಿಲ್ಲ. ಅಮೆರಿಕದಲ್ಲಿ 1980-90ರ ದಶಕದ ಸ್ಕಾರಬ್, ಫೌಂಟನ್, ಫಾರ್ಮುಲಾ, ಬಾಹಾ ಥರದ ವೇಗದ ಬೋಟುಗಳ ಬೆಲೆಯಲ್ಲಿ ದೊಡ್ಡ ಪಾಲು ಇರುವುದು ಹಿಂದೆ ಕೂತ ಎರಡು ಬಿಗ್‌ಬ್ಲಾಕ್ ಎಂಜಿನ್ ಮತ್ತು ಅವುಗಳ ಶಕ್ತಿಯನ್ನು ಪ್ರೊಪೆಲ್ಲರಿಗೆ ಮುಟ್ಟಿಸುವ ಡ್ರೈವ್‌ಗಳಲ್ಲಿ. ಎಂಜಿನ್ನನ್ನು, ಕೆಲವೊಮ್ಮೆ ಡ್ರೈವನ್ನೂ, ಇಳಿಸಿದ ಮೇಲೆ ಉಳಿಯುವ ಬರಿ ಒಡಲಿನ ಲೆಕ್ಕವೇ ಬೇರೆ. ಕೊಳ್ಳಲು ಬಂದವನು ಮುಂಭಾಗದ ಬಣ್ಣ, ಪಟ್ಟೆ, ಹೊಸ ಸೀಟು ನೋಡಿ ಹತ್ತಿರ ಬರುತ್ತಾನೆ. ದುಡ್ಡು ಕೊಡುವುದು ಮಾತ್ರ ಹಿಂದಿನ ಆರು ಅಡಿಗೆ ಮತ್ತು ಕೆಳಗಿನ ಟ್ರೇಲರಿಗೆ. ನನ್ನ ತಯಾರಿಯೆಲ್ಲ ಈ ಎರಡರ ಸುತ್ತಲೇ ನಡೆಯುತ್ತದೆ.

ಬೆಲೆಗೆ ಜೆ.ಡಿ. ಪವರ್ ಗೈಡು (ಹಳೆಯ ಬೋಟುಗಳ ಬೆಲೆಪಟ್ಟಿ) ನೋಡಿ ಕೂತರೆ ಕೆಲಸ ಆಗುವುದಿಲ್ಲ. ಇಂಥ ಬೋಟಿಗೆ ಅದು ಕೊಡುವ ಅಂಕಿ ಎಂಜಿನ್ ಕೂಡಿದ್ದು. ಜಾಹೀರಾತುಗಳಲ್ಲಿ ಕಾಣುವುದು ಮಾರುವವನ ಆಸೆಯ ಬೆಲೆ. ನಿಜವಾಗಿ ವ್ಯಾಪಾರವಾದ ಬೆಲೆ ಬೇಕೆಂದರೆ ಯಾಟ್‌ವರ್ಲ್ಡ್‌ನ ಸೋಲ್ಡ್‌ಬೋಟ್ಸ್ ದಾಖಲೆ ನೋಡಬಲ್ಲ ಬ್ರೋಕರ್ ಒಬ್ಬರ ಹತ್ತಿರ, ಅದೇ ಮಾದರಿಯ ಅದೇ ವರ್ಷದ ಆಸುಪಾಸಿನ ಮೂರು-ನಾಲ್ಕು ಮಾರಾಟಗಳನ್ನು ಕೇಳಿಕೊಳ್ಳುತ್ತೇನೆ. ಓಡುವ ಸ್ಥಿತಿಯಲ್ಲಿದ್ದ ಬೋಟು ಎಷ್ಟಕ್ಕೆ ಕೈಬದಲಾಯಿತು ಅನ್ನುವುದೇ ಲೆಕ್ಕದ ಮೊದಲ ಸಾಲು.

ಮುಂದಿನದು ಕಳೆಯುವ ಲೆಕ್ಕ. ದಾರಿ ತೋರಿಸಲೆಂದಷ್ಟೇ ದುಂಡು ಅಂಕಿಗಳನ್ನು ಹಾಕುತ್ತೇನೆ, ಇವು ಯಾವ ಬೋಟಿನ ಬೆಲೆಯೂ ಅಲ್ಲ. ಓಡುವ ಬೋಟು 60,000 ಡಾಲರಿಗೆ ಹೋಗಿದೆ ಅನ್ನೋಣ. ಅದಕ್ಕೆ ಹೊಂದುವ, ಚೆನ್ನಾಗಿರುವ ಹಳೆಯ ಎಂಜಿನ್-ಡ್ರೈವ್ ಜೋಡಿಗೆ 30,000 (ಡ್ರೈವು ಬೋಟಿನಲ್ಲೇ ಉಳಿದಿದ್ದರೆ ಎಂಜಿನ್ನಿನದಷ್ಟೇ). ಮೌಂಟು, ಎಕ್ಸಾಸ್ಟು, ನೀರಿನ ಹೋಸು, ಹಾರ್ನೆಸ್ಸು (ವೈರುಗಳ ಕಟ್ಟು), ಅಲೈನ್‌ಮೆಂಟು, ನೀರಿಗಿಳಿಸಿ ಓಡಿಸಿ ನೋಡುವುದು, ಎಲ್ಲ ಸೇರಿ 8,000. ಉಳಿದದ್ದು 22,000. ಒಂದು ಋತು ಪೂರ್ತಿ ಕೈ ಎಣ್ಣೆ ಮಾಡಿಕೊಂಡು, ಒಳಗೆ ಏನಿದೆಯೋ ಎಂಬ ಭಯವನ್ನೂ ಹೊತ್ತುಕೊಳ್ಳುವುದಕ್ಕೆ ಕೊಳ್ಳುವವನು 8,000 ಬಿಟ್ಟುಕೊಳ್ಳುತ್ತಾನೆ, ಬಿಟ್ಟುಕೊಳ್ಳಬೇಕು ಕೂಡ. ಕೊನೆಗೆ ನಿಲ್ಲುವುದು 14,000. ಆ ಭಯದ ಪಾಲನ್ನು ಕಡಿಮೆ ಮಾಡುವುದೊಂದೇ ಮಾರುವವನ ಕೈಯಲ್ಲಿರುವುದು. ಮಿಕ್ಕ ಅಂಕಿಗಳನ್ನು ಮಾರುಕಟ್ಟೆ ಬರೆಯುತ್ತದೆ.

ಇಲ್ಲಿ ಹಳೆಯ ಎಂಜಿನ್ನಿನ ಬೆಲೆಯನ್ನೇ ಹಿಡಿದದ್ದಕ್ಕೆ ಕಾರಣವಿದೆ. ಹೊಸ ಜೋಡಿಯ ಬೆಲೆ ಹಾಕಿದರೆ ಮೂವತ್ತು ವರ್ಷದ ಹೆಚ್ಚಿನ ಒಡಲುಗಳ ಲೆಕ್ಕ ಸೊನ್ನೆಯಿಂದ ಕೆಳಗೆ ಇಳಿಯುತ್ತದೆ. ಲೆಕ್ಕ ನೋಡಿ ಹೊಸ ಎಂಜಿನ್ ಹಾಕುವವರಿಲ್ಲ. ಹಾಕಿದರೆ ಹೆಸರಿಗಾಗಿ ಹಾಕುತ್ತಾರೆ. ಸಿಗರೆಟ್ ಬೋಟು ಕಂಪನಿ ಕಟ್ಟಿದ ಡಾನ್ ಆರೊನೊವ್ ಕಾಲದ ಸಿಗರೆಟ್ ಒಡಲಿಗೆ ಆ ಮರ್ಯಾದೆ ಸಿಗುತ್ತದೆ, ಸಾವಿರಗಟ್ಟಲೆ ತಯಾರಾದ ಫ್ಯಾಮಿಲಿ ಬೋಟಿಗೆ ಸಿಗುವುದಿಲ್ಲ.

ಮೇಲಿನ ಬೆಲೆಯ ಹಾಗೆ ತಳದ ಬೆಲೆಯೂ ಗೊತ್ತಿರಬೇಕು. ಟ್ರೇಲರನ್ನು ಬೇರೆಯಾಗಿ ಮಾರಿದರೆ ಬರುವುದು, ಬಿಚ್ಚಿ ಮಾರಬಹುದಾದ ಡ್ರೈವು, ಟ್ರಿಮ್ ಟ್ಯಾಬು (ಓಟದ ಸಮತೋಲಕ್ಕೆ ಹಿಂದೆ ಇರುವ ರೆಕ್ಕೆ), ಹೈಡ್ರಾಲಿಕ್ ಸ್ಟೀರಿಂಗು, ಗಾಫ್ರಿಗ್ ಅಥವಾ ಲಿವೊರ್ಸಿ ಕಂಪನಿಯ ಗೇಜು, ಥ್ರಾಟಲ್ ಪೆಟ್ಟಿಗೆ, ಪ್ರೊಪೆಲ್ಲರುಗಳಿಂದ ಬರುವುದು, ಇವೆರಡನ್ನು ಕೂಡಿಸಿ ಫೈಬರ್ ಒಡಲನ್ನು ಕತ್ತರಿಸಿ ಕಸಕ್ಕೆ ಸಾಗಿಸುವ ಖರ್ಚು ಕಳೆದರೆ ತಳ ಸಿಕ್ಕಿತು. ತಳಕ್ಕಿಂತ ಕಡಿಮೆ ಕೇಳುವವನ ಜೊತೆ ಮಾತು ಬೆಳೆಸುವುದಿಲ್ಲ. ಮೇಲಿನ ಲೆಕ್ಕವೇ ತಳಕ್ಕಿಂತ ಕೆಳಗೆ ಬಂದರೆ ಬೋಟನ್ನು ಬೋಟಾಗಿ ಮಾರುವ ಹಟ ಬಿಟ್ಟು ಬಿಡಿಭಾಗವಾಗಿ ಮಾರುತ್ತೇನೆ. ನಿಲ್ಲಿಸಿದ ಜಾಗದ ಬಾಡಿಗೆಯನ್ನು ಮರೆಯುವಂತಿಲ್ಲ. ತಿಂಗಳಿಗೆ 250 ಡಾಲರ್ ಅಂದರೆ ವರ್ಷಕ್ಕೆ 3,000. 14,000ದ ಸರಕಿಗೆ ಅದು ಸಣ್ಣ ತೂತಲ್ಲ.

ಇನ್ನು ಹಿಂದಿನ ಆರು ಅಡಿ. ಎಂಜಿನ್ ಇಳಿಸಿದಾಗಲೇ ಸ್ಟ್ರಿಂಗರು (ಎಂಜಿನ್ ಹೊರುವ ಉದ್ದನೆಯ ತೊಲೆ), ಟ್ರಾನ್ಸಮ್ಮು (ಬೋಟಿನ ಹಿಂಗೋಡೆ) ಸರಿಯಾಗಿ ಕಾಣುವುದು. ಈ ಅವಕಾಶವನ್ನು ಬಿಡುವುದು ದಡ್ಡತನ. ಮೊದಲು ಬಿಲ್ಜನ್ನು (ಒಡಲಿನೊಳಗಿನ ತಳದ ಕುಳಿ) ಡಿಗ್ರೀಸರ್ ಹಾಕಿ ತೊಳೆದು ಎರಡು-ಮೂರು ದಿನ ಒಣಗಲು ಬಿಡುತ್ತೇನೆ. ಒದ್ದೆ ಬಿಲ್ಜಿನಲ್ಲಿ ತೇವಾಂಶದ ಮೀಟರು ಹಿಡಿದರೆ ಅದು ಸುಳ್ಳು ಹೇಳುತ್ತದೆ. ಆಮೇಲೆ ಎಂಜಿನ್ ಮೌಂಟನ್ನು ಮರಕ್ಕೆ ಬಿಗಿಯುವ ಲ್ಯಾಗ್ ಬೋಲ್ಟುಗಳನ್ನು ಕೈಗೆತ್ತಿಕೊಳ್ಳುತ್ತೇನೆ. ಇವುಗಳಿಗಿಂತ ಚಾಡಿಕೋರರು ಬೋಟಿನಲ್ಲಿ ಇಲ್ಲ. ಮರದ ಸ್ಟ್ರಿಂಗರಿನಿಂದ ಬಿಚ್ಚಿದ ಬೋಲ್ಟಿನ ಸುರುಳಿಗಳು ಒಣಗಿದ್ದು, ಅವುಗಳಲ್ಲಿ ತಿಳಿಬಣ್ಣದ ಮರದ ಪುಡಿ ಕೂತಿದ್ದರೆ ಸರಿ. ಕಪ್ಪು ತುಕ್ಕು ಹಿಡಿದು, ನೆನೆದ ತಂಬಾಕಿನಂಥ ಕಂದು ನಾರು ಅಂಟಿಕೊಂಡು ಬಂದರೆ ನೀರು ಆ ತೂತಿನಿಂದಲೇ ಒಳಗಿಳಿದಿದೆ. ತೂತಿನೊಳಗೆ ದಬ್ಬಣ ಚುಚ್ಚಿ ನೋಡುತ್ತೇನೆ. ಗಟ್ಟಿ ಮರ ದಬ್ಬಣವನ್ನು ತಡೆಯುತ್ತದೆ, ಕೊಳೆತದ್ದು ಒಳಗೆ ಎಳೆದುಕೊಳ್ಳುತ್ತದೆ. ಎಂಟು ತೂತಿನಲ್ಲಿ ಒಂದು ಮಾತ್ರ ಮೆತ್ತಗಿದ್ದರೆ ಅಲ್ಲಿಯಷ್ಟೇ ಕೆತ್ತಿ ತೆಗೆದು ಇಪಾಕ್ಸಿ ತುಂಬಬಹುದು. ಸಾಲಾಗಿ ನಾಲ್ಕು ಮೆತ್ತಗಿದ್ದರೆ ಸ್ಟ್ರಿಂಗರೇ ಹೋಗಿದೆ, ಬೆಲೆಯೂ ಅದರ ಜೊತೆ ಹೋಯಿತು.

ಟ್ರಾನ್ಸಮ್ಮಿಗೆ ಪ್ಲಾಸ್ಟಿಕ್ ತಲೆಯ ಸುತ್ತಿಗೆ ಸಾಕು. ಡ್ರೈವಿನ ತೂತಿನ ಸುತ್ತ, ಟ್ರಿಮ್ ಟ್ಯಾಬಿನ ಸ್ಕ್ರೂಗಳ ಸುತ್ತ, ಡ್ರೇನ್ ಪ್ಲಗ್ಗಿನ ಸುತ್ತ ಒಂದೊಂದು ಇಂಚಿಗೆ ತಟ್ಟುತ್ತಾ ಹೋದರೆ ಟಕ್ ಟಕ್ ಎಂಬ ಸದ್ದು ಎಲ್ಲಿ ಧಪ್ ಆಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಅನುಮಾನ ಉಳಿದರೆ ಒಳಗಿನಿಂದ, ಅತಿ ಕೆಳಗಿನ ಜಾಗದಲ್ಲಿ, 1/8 ಇಂಚಿನ ಡ್ರಿಲ್ ಬಿಟ್ಟಿಗೆ ಒಂದು ಇಂಚಿನ ಅಳತೆಯಲ್ಲಿ ಟೇಪು ಸುತ್ತಿ ಕೊರೆಯುತ್ತೇನೆ. ಟೇಪು ಇಲ್ಲದೆ ಕೊರೆದರೆ ಹೊರ ಚರ್ಮವೂ ತೂತಾಗುವ ಅಪಾಯವಿದೆ. ಬಿಟ್ಟಿನ ಸುರುಳಿಯಲ್ಲಿ ಬಂದ ಪುಡಿ ಒಣಗಿ ಉದುರಿದರೆ ಆ ತೂತಿಗೆ ಇಪಾಕ್ಸಿ ತುಂಬಿ ಮುಚ್ಚುತ್ತೇನೆ, ಪುಡಿಯನ್ನು ಸಣ್ಣ ಜಿಪ್ ಚೀಲದಲ್ಲಿ ಇಟ್ಟು ಮೇಲೆ ಜಾಗದ ಹೆಸರು ಬರೆಯುತ್ತೇನೆ. ಆ ಚೀಲವನ್ನು ಕೈಗೆ ಕೊಟ್ಟಾಗ ಕೊಳ್ಳುವವನ ಭಯದ ಪಾಲು ಕರಗುವುದು ಕಣ್ಣಿಗೆ ಕಾಣುತ್ತದೆ. ಇದು ನನಗೆ ಹೊಸ ಪಾಲಿಶಿಗಿಂತ ಹೆಚ್ಚು ದುಡ್ಡು ತಂದುಕೊಡುತ್ತದೆ.

ಒಡಲಿನ ತಳ ನೋಡಲು ಆರು ಅಡಿಯ ನೇರ ಪಟ್ಟಿ ಬೇಕು. ಟ್ರಾನ್ಸಮ್ಮಿನಿಂದ ಮುಂದಕ್ಕೆ, ಕೀಲಿಗೆ (ತಳದ ನಡುಗೆರೆಗೆ) ಸಮಾನಾಂತರವಾಗಿ ಹಿಡಿದಾಗ ಪಟ್ಟಿಯ ಎರಡು ತುದಿ ಮುಟ್ಟಿ ನಡುವೆ ಬೆಳಕು ಕಂಡರೆ ಅದು ಹುಕ್, ಅಂದರೆ ತಳ ಒಳಕ್ಕೆ ಬಾಗಿದೆ. ಟ್ರೇಲರಿನ ಬಂಕು (ಒಡಲನ್ನು ಹೊರುವ ಹಲಗೆ) ಟ್ರಾನ್ಸಮ್ಮಿನ ತನಕ ಬರದೆ ಮೊದಲೇ ಮುಗಿದಿದ್ದರೆ, ವರ್ಷಗಟ್ಟಲೆ ಎಂಜಿನ್ ಭಾರ ಹೊತ್ತ ಹಿಂಭಾಗ ಕೆಳಗೆ ಜಗ್ಗಿ ಹೀಗಾಗುತ್ತದೆ. ಹುಕ್ ಇರುವ ಬೋಟು ಓಡುವಾಗ ಮೂಗು ಕೆಳಗೆ ಹಾಕುತ್ತದೆ, ವೇಗ ಕಳೆದುಕೊಳ್ಳುತ್ತದೆ. ಕಂಡದ್ದನ್ನು ಫೋಟೋ ತೆಗೆದು ಮೊದಲೇ ಹೇಳುತ್ತೇನೆ. ಮುಚ್ಚಿಟ್ಟರೆ ಬೋಟು ಪರೀಕ್ಷಿಸುವ ಸರ್ವೇಯರ್ ಕಂಡುಹಿಡಿಯುತ್ತಾನೆ, ಆಗ ಕೊಳ್ಳುವವನು ಕಳೆಯುವ ಮೊತ್ತ ಎರಡು ಪಟ್ಟು.

ಡ್ರೈವು ಯಾವುದು ಅನ್ನುವುದರ ಮೇಲೆ ಗಿರಾಕಿಗಳ ಸಂಖ್ಯೆ ನಿಲ್ಲುತ್ತದೆ. ಮರ್ಕ್ರೂಸರ್ ಬ್ರಾವೋ ಒನ್ ಇದ್ದರೆ ಪುಣ್ಯ. ಗೇರು ಬದಲಿಸುವ ಏರ್ಪಾಟು ಡ್ರೈವಿನೊಳಗೇ ಇದೆ, ಶಿಫ್ಟ್ ಕೇಬಲ್ ಜೋಡಣೆ ಬದಲಿಸಿ ಪ್ರೊಪೆಲ್ಲರನ್ನು ಎಡಕ್ಕೂ ಬಲಕ್ಕೂ ತಿರುಗಿಸಬಹುದು. ಹಾಗಾಗಿ ಒಂದೇ ದಿಕ್ಕಿಗೆ ತಿರುಗುವ ಯಾವ ಎಂಜಿನ್ ಜೋಡಿಯಾದರೂ ನಡೆಯುತ್ತದೆ. ಮರ್ಕ್ರೂಸರಿನದೇ ಹಳೆಯ ಡ್ರೈವಾದ ಟಿಆರ್‌ಎಸ್ ಹಾಗಲ್ಲ. ಅದರ ಟ್ರಾನ್ಸ್‌ಮಿಷನ್ ಎಂಜಿನ್ನಿನ ಹಿಂದೆ ಕೂತಿರುತ್ತದೆ. ಎಂಜಿನ್ ಜೊತೆ ಅದನ್ನೂ ಮಾರಿಬಿಟ್ಟರೆ ಹೊರಗೆ ಉಳಿದ ಡ್ರೈವು ಅರ್ಧ ಯಂತ್ರ, ಬಿಡಿಭಾಗಗಳೂ ಈಗ ಅಪರೂಪ. ಟಿಆರ್‌ಎಸ್‌ಗೆ ಕೊರೆದ ಟ್ರಾನ್ಸಮ್ಮು ಬ್ರಾವೋಗೆ ನೇರವಾಗಿ ಹೊಂದುವುದೂ ಇಲ್ಲ, ಅಡಾಪ್ಟರು ಅಥವಾ ಫೈಬರ್ ಕೆಲಸ ಬೇಕು. ಕಿರಿದಾದ ಒಡಲುಗಳಲ್ಲಿ ಎಂಜಿನ್‌ಗಳನ್ನು ಒಂದರ ಹಿಂದೆ ಒಂದು ಸರಿಸಿ ಕೂರಿಸಿದ್ದರೆ ಮುಂದಿನದಕ್ಕೆ ಉದ್ದನೆಯ ಜ್ಯಾಕ್‌ಶಾಫ್ಟ್ ಇರುತ್ತದೆ. ಗರಾಜಿನ ಮೂಲೆಯಲ್ಲಿ ಬಿದ್ದ ಕಬ್ಬಿಣದ ದಂಡದ ಹಾಗೆ ಕಾಣುವ ಅದು ಕಳೆದುಹೋದರೆ ವ್ಯಾಪಾರವೇ ಮುರಿಯುತ್ತದೆ.

ಎಂಜಿನ್ ಇಳಿಸುವವರು ಆತುರದಲ್ಲಿ ವೈರುಗಳನ್ನು ಕತ್ತರಿಸುತ್ತಾರೆ. ಅದು ಬೇಡ. ಡ್ಯಾಶಿನ ಕಡೆಯ ಕನೆಕ್ಟರು 8 ಪಿನ್ನೋ 10 ಪಿನ್ನೋ 14 ಪಿನ್ನೋ ಅನ್ನುವುದೇ ಕೊಳ್ಳುವವನ ಎಂಜಿನ್ ಹೊಂದುತ್ತದೆಯೇ ಎಂಬುದಕ್ಕೆ ಮೊದಲ ಉತ್ತರ. ಬಿಚ್ಚಿ, ಒಣಗಿಸಿ, ಚೀಲ ಕಟ್ಟಿ, ಎಡ ಬಲ ಎಂದು ಬರೆದು ಮೇಲಕ್ಕೆ ಕಟ್ಟಿಡಬೇಕು. ಅಳತೆಗಳಲ್ಲಿ ನಾನು ತಪ್ಪದೆ ಬರೆಯುವುದು ಇಷ್ಟು: ಸ್ಟ್ರಿಂಗರುಗಳ ನಡುವಿನ ಅಗಲ, ಎರಡು ಡ್ರೈವ್ ತೂತುಗಳ ಮಧ್ಯದಿಂದ ಮಧ್ಯಕ್ಕೆ ಅಂತರ, ಹ್ಯಾಚಿನ ಕೆಳಗಿನ ಎತ್ತರ, ಟ್ರಾನ್ಸಮ್ಮಿನ ದಪ್ಪ. ಮರ್ಕ್ರೂಸರ್ ಬೇಡುವ ದಪ್ಪ 2ರಿಂದ 2¼ ಇಂಚು. ಅದಕ್ಕಿಂತ ಹೆಚ್ಚಿದ್ದರೆ ಯಾರೋ ಮೇಲೆ ಪದರ ಬಳಿದಿದ್ದಾರೆ ಅಥವಾ ಒಳಗೆ ಮರ ಉಬ್ಬಿದೆ.

ಟ್ರೇಲರಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ತೂಕದಲ್ಲಿ. ಎಂಜಿನ್ ಇಳಿದರೆ ಬೋಟು ಹಗುರವಾಯಿತು, ಎಳೆಯುವುದು ಸುಲಭ ಅಂದುಕೊಳ್ಳುತ್ತಾರೆ. ಒಟ್ಟು ತೂಕ ಇಳಿದದ್ದು ನಿಜ, ಆದರೆ ಟ್ರೇಲರನ್ನು ಗಾಡಿಗೆ ಸಿಕ್ಕಿಸುವ ಕೊಂಡಿಯ ಮೇಲಿನ ಭಾರ ಏರಿರುತ್ತದೆ. ಎಂಜಿನ್ ಮತ್ತು ಡ್ರೈವ್ ಜೋಡಿ 2,400 ಪೌಂಡು, ಅವುಗಳ ಭಾರಕೇಂದ್ರ ಆಕ್ಸಲ್ ಗುಂಪಿನ ನಡುವಿನಿಂದ 3 ಅಡಿ ಹಿಂದೆ, ಕೊಂಡಿ ಆಕ್ಸಲ್ಲಿನಿಂದ 20 ಅಡಿ ಮುಂದೆ ಅನ್ನಿ. 2,400ನ್ನು 3ರಿಂದ ಗುಣಿಸಿ 20ರಿಂದ ಭಾಗಿಸಿದರೆ 360. ಅಷ್ಟು ಪೌಂಡು ಹೊಸದಾಗಿ ಕೊಂಡಿಯ ಮೇಲೆ ಬಿತ್ತು. ಎಳೆಯುವ ಗಾಡಿಯ ಹಿಂಭಾಗ ಕುಸಿದು ಮುಂದಿನ ಚಕ್ರದ ಹಿಡಿತ ಸಡಿಲವಾಗುತ್ತದೆ. ಪರಿಹಾರ ಸುಲಭ: ಬೋಟನ್ನು ಹಿಂದಕ್ಕೆ ಸರಿಸಿ ವಿಂಚ್ ಕಂಬವನ್ನೂ ಸರಿಸುವುದು, ಇಲ್ಲವಾದರೆ ಆಕ್ಸಲ್ ಗುಂಪನ್ನು ಮುಂದಕ್ಕೆ ತರುವುದು. ಬೋಟನ್ನು ಸರಿಸುವುದಾದರೆ ಟ್ರಾನ್ಸಮ್ಮು ಬಂಕಿನಿಂದಾಚೆ ಜೋತಾಡದಂತೆ ನೋಡಿಕೊಳ್ಳಬೇಕು. ಹೊರಡುವ ಮುಂಚೆ ಕೊಂಡಿಯ ಭಾರವನ್ನು ತೂಗಿಯೇ ಕಳಿಸುತ್ತೇನೆ.

ಟೈರಿನ ಪಕ್ಕದಲ್ಲಿ ಅಚ್ಚಾದ ಡಾಟ್ (DOT) ಸಂಕೇತದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2318 ಎಂದರೆ 2018ರ 23ನೇ ವಾರ. ಮೇಲಿನ ಅಚ್ಚು ಸವೆಯದೆ ಚೆನ್ನಾಗಿದ್ದರೂ ಹಳೆಯ ಟೈರು ಬಿಸಿಲಲ್ಲಿ ನಿಂತು ಒಳಗೇ ಬಿರುಕು ಬಿಟ್ಟಿರುತ್ತದೆ. ಮೂರು ಆಕ್ಸಲ್ಲಿಗೆ ಆರು ಹೊಸ ಟೈರು, ಬೇರಿಂಗಿಗೆ ಗ್ರೀಸು, ಕೆಲಸ ಮಾಡುವ ಬ್ರೇಕು: ಇಷ್ಟಕ್ಕೆ ಖರ್ಚು ಮಾಡಿದರೆ ದೂರದ ರಾಜ್ಯದವನೂ ಗಿರಾಕಿಯಾಗುತ್ತಾನೆ. ಇಲ್ಲದಿದ್ದರೆ ಊರಿನ ಸುತ್ತಮುತ್ತಲಿನವರೇ ಗತಿ.

ಕಾಗದಪತ್ರದಲ್ಲಿ ಮೊದಲು ನೋಡುವುದು ಹಿನ್ (HIN), ಅಂದರೆ ಒಡಲಿನ ಗುರುತಿನ ಸಂಖ್ಯೆ. 1972ರ ನವೆಂಬರ್ 1ರಿಂದ ಈಚೆಗೆ ತಯಾರಾದ ಬೋಟುಗಳಿಗೆ ಇದು ಕಡ್ಡಾಯ. 12 ಅಕ್ಷರ-ಅಂಕಿ, ಟ್ರಾನ್ಸಮ್ಮಿನ ಬಲಗಡೆ ಮೇಲೆ. ಟ್ರಾನ್ಸಮ್ಮು ದುರಸ್ತಿ ಮಾಡಿದವರು ಇದರ ಮೇಲೆ ಬಣ್ಣ ಬಳಿದಿರುತ್ತಾರೆ. ಟೈಟಲಿನ (ಒಡೆತನದ ಪತ್ರದ) ಸಂಖ್ಯೆಗೆ ಒಂದಕ್ಷರ ಹೊಂದದಿದ್ದರೂ ಕೊಂಡವನ ಹೆಸರಿಗೆ ವರ್ಗವಾಗುವುದಿಲ್ಲ. ಟ್ರೇಲರಿಗೆ ಬೇರೆಯೇ ಸಂಖ್ಯೆ, ಬೇರೆಯೇ ಕಾಗದ. ಬೋಟು ಕೋಸ್ಟ್ ಗಾರ್ಡಿನಲ್ಲಿ ಡಾಕ್ಯುಮೆಂಟ್ (ನೋಂದಣಿ) ಆಗಿದ್ದರೆ ನ್ಯಾಷನಲ್ ವೆಸಲ್ ಡಾಕ್ಯುಮೆಂಟೇಶನ್ ಸೆಂಟರಿನಿಂದ ಆಬ್‌ಸ್ಟ್ರಾಕ್ಟ್ ಆಫ್ ಟೈಟಲ್ (ಒಡೆತನ ಮತ್ತು ಸಾಲಗಳ ಚರಿತ್ರೆ) ತರಿಸಿ ಹಳೆಯ ಸಾಲ ತೀರಿದ ದಾಖಲೆ ಇದೆಯೇ ನೋಡಬೇಕು. ಸಾಲ ಬಾಕಿ ಇರುವಾಗ ಎಂಜಿನ್‌ಗಳನ್ನು ಬೇರೆಯಾಗಿ ಮಾರುವುದು ಅಪಾಯ. ಸಾಮಾನ್ಯವಾಗಿ ಅವೂ ಆ ಸಾಲದ ಅಡಮಾನವೇ.

ಜಾಹೀರಾತಿನ ಮೊದಲ ಸಾಲಿನಲ್ಲೇ ಎಂಜಿನ್ ಇಲ್ಲ ಎಂದು ಬರೆಯುತ್ತೇನೆ, ಎರಡನೆಯ ಸಾಲಿನಲ್ಲಿ ಏನೇನು ಇದೆ ಅನ್ನುವುದು: ಡ್ರೈವಿನ ಸೀರಿಯಲ್, ಗೇರ್ ಅನುಪಾತ, ಟ್ರಾನ್ಸಮ್ ಅಸೆಂಬ್ಲಿ, ಟ್ಯಾಬು, ಸ್ಟೀರಿಂಗು. ಫೋನು ಮಾಡುವವರಲ್ಲಿ ಮೂರು ಜಾತಿ. ಮುರಿದ ಒಡಲಿನಿಂದ ಇಳಿಸಿದ ಎಂಜಿನ್ ಜೋಡಿ ಆಗಲೇ ಇಟ್ಟುಕೊಂಡವನು ಎಲ್ಲರಿಗಿಂತ ಹೆಚ್ಚು ಕೊಡುತ್ತಾನೆ. ಮೊದಲ ಪ್ರಶ್ನೆಯಲ್ಲೇ ಅವನು ಸ್ಟ್ರಿಂಗರಿನ ಅಗಲ ಕೇಳುತ್ತಾನೆ, ಅದರಿಂದಲೇ ಗುರುತು. ಹಿಂಗೋಡೆಗೆ ಬ್ರಾಕೆಟ್ ಕಟ್ಟಿ, ಬೋಟಿನ ಹೊರಗೆ ನಿಲ್ಲುವ ಔಟ್‌ಬೋರ್ಡ್ ಹಾಕುವವನಿಗೆ ಡ್ರೈವು ಬೇಡ, ಟ್ರಾನ್ಸಮ್ಮು ಗಟ್ಟಿ ಬೇಕು. ಮರ್ಕ್ಯುರಿ 450ಆರ್ ಒಂದೊಂದೂ 689 ಪೌಂಡು, ಅವು ಟ್ರಾನ್ಸಮ್ಮಿನಾಚೆ ತೂಗುತ್ತವೆ. ಅವನಿಗೆ ಡ್ರೈವುಗಳನ್ನು ಬಿಟ್ಟು ಬೆಲೆ ಹೇಳಿ, ಅವನ್ನು ಬೇರೆಯಾಗಿ ಮಾರುತ್ತೇನೆ. ಮೂರನೆಯವನಿಗೆ ಬೇಕಿರುವುದು ಟ್ರೇಲರು ಮಾತ್ರ. ಟ್ರೇಲರು ಹೋದರೆ ಒಡಲು ನೆಲಕ್ಕೆ ಅಂಟಿತು, ಆದ್ದರಿಂದ ಅವನು ಎಷ್ಟು ಕೊಟ್ಟರೂ ಬೇರ್ಪಡಿಸಿ ಕೊಡುವುದಿಲ್ಲ.

ಮೇಲಿನ ಲೆಕ್ಕದ 14,000ಕ್ಕೆ ನಾನು 16,500 ಬರೆಯುತ್ತೇನೆ. ಮೂವತ್ತು ದಿನದಲ್ಲಿ ನೋಡಲು ಯಾರೂ ಬರದಿದ್ದರೆ ಬೆಲೆ ತಪ್ಪು. ಬಂದು ನೋಡಿ ಹಿಂದಿರುಗುತ್ತಿದ್ದರೆ ಬೆಲೆ ಸರಿ, ಬೋಟಿನಲ್ಲಿ ಏನೋ ತಪ್ಪಿದೆ. ಇವೆರಡನ್ನೂ ಒಂದೇ ಎಂದುಕೊಂಡು ಬೆಲೆ ಇಳಿಸುತ್ತಾ ಹೋಗುವುದು ನಷ್ಟದ ದಾರಿ. ಕ್ಯಾಶಿಯರ್ಸ್ ಚೆಕ್ (ಬ್ಯಾಂಕೇ ಬರೆದುಕೊಡುವ ಚೆಕ್) ಕೊಟ್ಟರೆ ಅದು ಬರೆದ ಬ್ಯಾಂಕಿನ ಶಾಖೆಯಲ್ಲೇ ನಿಂತು ಖಾತ್ರಿ ಮಾಡಿಕೊಳ್ಳುತ್ತೇನೆ. ಖಾತೆಯಲ್ಲಿ ದುಡ್ಡು ಕಂಡ ಮೇಲೂ ನಕಲಿ ಚೆಕ್ ವಾಪಸಾಗಬಲ್ಲದು. ಬಿಲ್ ಆಫ್ ಸೇಲಿನಲ್ಲಿ ‘ಎಂಜಿನ್ ಇಲ್ಲ, ಇದ್ದಲ್ಲಿ ಇದ್ದಂತೆ’ ಎಂದು ಬರೆದು, ಜೊತೆಗೆ ಹೋಗುವ ಒಂದೊಂದು ಸಾಮಾನಿನ ಸೀರಿಯಲ್ ಹಾಕಿ ಇಬ್ಬರೂ ಸಹಿ ಮಾಡುತ್ತೇವೆ.

ಬೋಟು ನಿಂತಿರುವಷ್ಟು ದಿನ, ಡ್ರೈವು ಬಿಚ್ಚಿದ್ದರೆ ಅದರ ತೂತುಗಳಿಗೆ ಪ್ಲೈವುಡ್ ಮತ್ತು ಸೀಲೆಂಟು, ಮೂಗು ಮೇಲೆತ್ತಿದ ಟ್ರೇಲರು, ಗಾಳಿಕಿಂಡಿ ಇರುವ ಹೊದಿಕೆ. ಡ್ರೇನ್ ಪ್ಲಗ್ಗುಗಳು ಹೊರಗೇ ಇರುತ್ತವೆ, ಮಳೆನೀರು ನಿಲ್ಲದಿರಲಿ ಎಂದು. ಕೊಂಡವನು ಕೊಂಡಿ ಹಾಕುವಾಗ ಆ ಪ್ಲಗ್ಗುಗಳನ್ನು ಚೀಲದಲ್ಲಿ ಹಾಕಿ ಸ್ಟೀರಿಂಗಿಗೆ ಕಟ್ಟಿ ಕೊಡುತ್ತೇನೆ.