ರೇಸಿಂಗ್ ಗೇಮ್‌ಗೆ ಕಾರು ಆರಿಸಿದ್ದು ಹೀಗೆ: ರಸ್ತೆ ಮೊದಲು, ಕಾರು ಆಮೇಲೆ

ರೇಸಿಂಗ್ ಗೇಮ್ ಮಾಡಬೇಕು ಅಂದ ಕೂಡಲೇ ಎಲ್ಲರೂ ಇಷ್ಟದ ಕಾರುಗಳ ಪಟ್ಟಿ ಬರೆಯಲು ಕೂರುತ್ತಾರೆ. ಬೆಳಗಾವಿಯಲ್ಲಿ ಮೊಬೈಲ್ ಗೇಮ್ ಕಟ್ಟುವಾಗ ನಾವು ಆ ಪಟ್ಟಿಯನ್ನು ಬದಿಗಿಟ್ಟು ಮೊದಲು ರಸ್ತೆಗಳನ್ನು ನಿಗದಿ ಮಾಡಿದೆವು. ಗೋವಾ ಕಡೆ ಇಳಿಯುವ ಚೋರ್ಲಾ ಘಾಟಿನಂಥ ತಿರುವುಗಳು, ನಿಪ್ಪಾಣಿ, ಸಂಕೇಶ್ವರ, ಬೆಳಗಾವಿ, ಕಿತ್ತೂರು ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 48ರಂಥ ಅಗಲ ರಸ್ತೆ, ಮತ್ತು ಮುಧೋಳ, ಜಮಖಂಡಿ ಕಡೆಯ ಎರೆಮಣ್ಣಿನ ಹೊಲದ ದಾರಿ. ಹೊಲದ ದಾರಿಯಲ್ಲಿ ಕಬ್ಬಿನ ಹಂಗಾಮಿನ ಜೋಡಿ ಟ್ರೇಲರ್ ಟ್ರ್ಯಾಕ್ಟರ್‌ಗಳೂ ಎದುರಾಗುತ್ತವೆ. ಕಾರು ಚೆನ್ನಾಗಿದೆಯೋ ಇಲ್ಲವೋ ಎಂದು ನಾವು ಕೇಳಲಿಲ್ಲ. ಈ ಮೂರು ರಸ್ತೆಯಲ್ಲಿ ಬೇರೆ ಕಾರು ಮಾಡದ್ದನ್ನು ಇದು ಏನು ಮಾಡುತ್ತದೆ ಎಂದು ಕೇಳಿದೆವು.

ಹೆಸರಿನ ವಿಚಾರ ಮೊದಲೇ ತೀರ್ಮಾನವಾಗಬೇಕು. ಕಾರಿನ ಹೆಸರು, ಲಾಂಛನ, ಗ್ರಿಲ್ ಮತ್ತು ದೀಪಗಳ ಆಕಾರ ಕಂಪನಿಯ ಸ್ವತ್ತು. ಭಾರತದಲ್ಲಿ ವಿನ್ಯಾಸದ ನೋಂದಣಿ 10 ವರ್ಷ, ಮತ್ತೆ 5 ವರ್ಷ ವಿಸ್ತರಿಸಬಹುದು. ಟ್ರೇಡ್‌ಮಾರ್ಕ್ ಅನ್ನು ಪ್ರತಿ 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ಅದಕ್ಕೆ ಕೊನೆಯಿಲ್ಲ. ಹಳೇ ಕಾರು, ಯಾರೂ ಕೇಳಲ್ಲ ಎಂಬ ಲೆಕ್ಕ ಸರಿಯಲ್ಲ: ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಆದರೆ 2017ರಲ್ಲಿ ಆ ಹೆಸರು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೋ ಸಮೂಹದ ಪಾಲಾಯಿತು. ಅನುಮತಿ ಸಿಕ್ಕರೂ ಅವಧಿ ಮುಗಿಯುತ್ತದೆ. ಫೋರ್ಜಾ ಹೊರೈಜನ್ 4 ಎಂಬ ರೇಸಿಂಗ್ ಗೇಮ್ ಅನ್ನು 2024ರ ಡಿಸೆಂಬರ್‌ನಲ್ಲಿ ಆನ್‌ಲೈನ್ ಅಂಗಡಿಯಿಂದ ತೆಗೆದದ್ದು ಇದೇ ಕಾರಣಕ್ಕೆ. ಪೋರ್ಷೆ ಕಾರುಗಳ ಅನುಮತಿ ಬಹಳ ವರ್ಷ ಒಂದೇ ಗೇಮ್ ಪ್ರಕಾಶಕರ ಕೈಯಲ್ಲಿದ್ದಾಗ ಗ್ರ್ಯಾನ್ ಟುರಿಸ್ಮೋ ಗೇಮ್‌ನವರು ಪೋರ್ಷೆಯನ್ನೇ ಆಧರಿಸಿ ಕಾರು ಮಾಡುವ ರೂಫ್ ಕಂಪನಿಯ ಕಾರು ಹಾಕಿ ಆ ಜಾಗ ತುಂಬಿಸಿದರು. ಸಣ್ಣ ತಂಡದ ಪತ್ರಕ್ಕೆ ಉತ್ತರ ಬರುವುದೇ ಅಪರೂಪ. ಹಾಗಾಗಿ ಹೆಸರು, ಮೈಕಟ್ಟು ನಮ್ಮದೇ, ಓಡುವ ಗುಣ ಮಾತ್ರ ನಿಜದ ಕಾರಿನದು ಎಂದು ನಿರ್ಧರಿಸಿದೆವು. ಬ್ಯಾಡ್ಜ್ ಕಿತ್ತರೆ ಸಾಲದು, ಮುಂಭಾಗವನ್ನೇ ಹೊಸದಾಗಿ ಬಿಡಿಸಬೇಕು.

ಕಾರುಗಳ ಸಂಖ್ಯೆಯನ್ನು 12ಕ್ಕೆ ನಿಲ್ಲಿಸಿದೆವು. ಗ್ರ್ಯಾನ್ ಟುರಿಸ್ಮೋ 5ರಲ್ಲಿ ಸಾವಿರಕ್ಕೂ ಹೆಚ್ಚು ಕಾರುಗಳಿದ್ದವು, ಆದರೆ ಒಳಾಂಗಣ ಸಮೇತ ಪೂರ್ತಿ ಮಾಡಿದ್ದು ಸುಮಾರು 200. ಉಳಿದವು ಪ್ಲೇಸ್ಟೇಷನ್ 2ರ ಕಾಲದ ಮಾಡೆಲ್‌ಗಳು. ಆ ವ್ಯತ್ಯಾಸ ಆಡುವವರ ಕಣ್ಣಿಗೆ ಬೀಳದೇ ಇರಲಿಲ್ಲ. ಪರದೆಯ ಮೇಲಿನ ಕಾರು ಸಣ್ಣ ತ್ರಿಕೋನಗಳಿಂದ ಕಟ್ಟಿದ್ದು, ನಮ್ಮಲ್ಲಿ ಆಟಗಾರನ ಕಾರಿಗೆ 30,000 ತ್ರಿಕೋನ. ದೂರ ಹೋದಂತೆ 12,000, ಆಮೇಲೆ 4,000, ಕೊನೆಗೆ 800. ಚಕ್ರಗಳು ಪ್ರತ್ಯೇಕ, ಪ್ರತಿ ಚಕ್ರದ ಪಿವಟ್, ಅಂದರೆ ಅದು ತಿರುಗುವ ಬಿಂದು, ಆಕ್ಸಲ್‌ನ ನಡುವೆಯೇ ಇರಬೇಕು. ಕೆಲವು ಮಿಲಿಮೀಟರ್ ತಪ್ಪಿದರೂ ವೇಗದಲ್ಲಿ ಚಕ್ರ ಸೊಟ್ಟಗೆ ಕುಣಿಯುತ್ತದೆ.

ಇನ್ನು ಆಯ್ಕೆ. ಮಾರುತಿ 800ರ ಗುಣದ್ದು ಬೇಕೇ ಬೇಕು: 796 ಸಿಸಿ, ಮೂರು ಸಿಲಿಂಡರ್, ಮುಂದಿನ ಚಕ್ರಕ್ಕೆ ಶಕ್ತಿ, ತೂಕ ಸುಮಾರು 650 ಕೆಜಿ. ಜಿಪ್ಸಿಯ ಗುಣದ್ದೂ ಬೇಕು. ನಾಲ್ಕು ಚಕ್ರಕ್ಕೂ ಶಕ್ತಿ, ಹಿಂದೆ ಮುಂದೆ ಲೀಫ್ ಸ್ಪ್ರಿಂಗ್, ಎತ್ತರದ ಮೈ. ಹಸಿ ಎರೆಮಣ್ಣಿಗೆ ನಾವು ಘರ್ಷಣೆ 0.3 ಇಟ್ಟಿದ್ದೇವೆ, ಒಣ ಡಾಂಬರಿಗೆ 0.95. ಹೊಲದ ದಾರಿಯಲ್ಲಿ ಎಲ್ಲ ಕಾರೂ ಹೂತುಕೊಳ್ಳುವಾಗ ಇದೊಂದು ಮುಂದೆ ಸಾಗುತ್ತದೆ, ಹೆದ್ದಾರಿಗೆ ಬಂದರೆ ಗಾಳಿಗೆ ಸಿಕ್ಕು ಹಿಂದೆ ಬೀಳುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಹಳೇ ಸೆಡಾನ್‌ಗೆ ಒಂದೇ ಜಾಗವಿತ್ತು. ಅಂಬಾಸಿಡರ್ ಗುಣದ್ದು ಉಳಿಯಿತು, ಪದ್ಮಿನಿ ಗುಣದ್ದು ಹೋಯಿತು. ಪದ್ಮಿನಿ ಮೇಲೆ ತಂಡದಲ್ಲಿ ಪ್ರೀತಿ ಕಡಿಮೆಯೇನಿಲ್ಲ, ಆದರೆ ಮೊಬೈಲ್ ಪರದೆಯ ಮೇಲೆ ಎರಡೂ ಒಂದೇ ರೀತಿ ಜಾರುತ್ತಿದ್ದವು. ಟರ್ಬೊ ಹ್ಯಾಚ್‌ಬ್ಯಾಕ್‌ಗೆ ಪೋಲೊ ಜಿಟಿಯ 105 ಅಶ್ವಶಕ್ತಿ ಮಾದರಿಯಾಯಿತು, ಎಲೆಕ್ಟ್ರಿಕ್‌ಗೆ ಮೊದಲ ನೆಕ್ಸಾನ್‌ನ 245 ನ್ಯೂಟನ್ ಮೀಟರ್ ಟಾರ್ಕ್. ನಮ್ಮ ಭಾಗದ ಸ್ಟ್ಯಾಂಡ್‌ಗಳಲ್ಲಿ ಜನ ತುಂಬಿಕೊಂಡು ಓಡುವ ಕ್ರೂಸರ್ ಗುಣದ ಉದ್ದ, ಎತ್ತರದ ಗಾಡಿಯೂ ಒಳಗೆ ಬಂತು. ತಿರುವಿನಲ್ಲಿ ಅದು ವಾಲುವ ರೀತಿ ಬೇರೆ ಯಾವುದರಲ್ಲೂ ಸಿಗದು.

ಯಾವುದು ಹೋಗಬೇಕು ಎಂಬುದಕ್ಕೆ ಒಂದು ಪರೀಕ್ಷೆ ಇಟ್ಟುಕೊಂಡೆವು. ಒಬ್ಬನೇ ಆಟಗಾರ ಎರಡು ಕಾರನ್ನು ಅದೇ ಘಾಟಿನಲ್ಲಿ ಓಡಿಸಬೇಕು. ಎರಡರ ರೀಪ್ಲೇ ಒಂದರ ಮೇಲೊಂದು ಇಟ್ಟು, ಬ್ರೇಕ್ ಒತ್ತಿದ ಜಾಗ ಮತ್ತು ತಿರುವಿನ ಕನಿಷ್ಠ ವೇಗ ನೋಡಬೇಕು. ಬಹುಪಾಲು ತಿರುವುಗಳಲ್ಲಿ ಬ್ರೇಕ್ 5 ಮೀಟರ್ ಒಳಗೆ, ವೇಗ ಗಂಟೆಗೆ 2 ಕಿಮೀ ಒಳಗೆ ಬಂದರೆ ಅದು ಬಟ್ಟೆ ಬದಲಿಸಿದ ಒಂದೇ ಕಾರು. ಒಂದನ್ನು ತೆಗೆಯಿರಿ. ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗಳ ದೊಡ್ಡ ಗುಂಪೇ ಈ ಪರೀಕ್ಷೆಯಲ್ಲಿ ಕರಗಿತು.

ಈ ಪರೀಕ್ಷೆಗೆ ಬೆಲೆ ಬರಬೇಕಾದರೆ ಅಂಕಿಗಳು ಸರಿಯಿರಬೇಕು. ಕಾರನ್ನು ವೇ ಬ್ರಿಡ್ಜ್ ಮೇಲೆ ಮೊದಲು ಮುಂದಿನ ಚಕ್ರ ಮಾತ್ರ, ಆಮೇಲೆ ಹಿಂದಿನದು ಮಾತ್ರ ಇಟ್ಟು ತೂಗಿದರೆ ತೂಕದ ಹಂಚಿಕೆ ಸಿಗುತ್ತದೆ. ಲಾರಿ ತೂಗುವ ಕಾಟಾ 10 ಅಥವಾ 20 ಕೆಜಿ ಹೆಜ್ಜೆಯಲ್ಲಿ ಓದುತ್ತದೆ, ಹಗುರ ಕಾರಿಗೆ ಅದು ದೊಡ್ಡ ತಪ್ಪು. ಸಣ್ಣ ಕಾಟಾ ಹುಡುಕಿ. ಟೈರಿನ ಅಳತೆ ಟೈರಿನ ಮೇಲೇ ಬರೆದಿರುತ್ತದೆ. 145/70 ಆರ್ 12 ಅಂದರೆ ತ್ರಿಜ್ಯ 254 ಮಿಮೀ. ಇದನ್ನು 280 ಎಂದು ಅಂದಾಜು ಹಾಕಿದರೆ ಗೇರಿನ ಲೆಕ್ಕವೆಲ್ಲ ಶೇ 10ರಷ್ಟು ಮೇಲೆ ಹೋಗುತ್ತದೆ.

ಹಗುರ ಕಾರು ಕೈಕೊಡುವುದು ಸಸ್ಪೆನ್ಷನ್‌ನಲ್ಲಿ. ಗೇಮ್ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿ ಚಕ್ರವನ್ನು ನಡೆಸುವ ಭಾಗ ವೀಲ್ ಕೊಲೈಡರ್. ಅದು ತಾನಾಗಿ ಕೊಡುವ ಸ್ಪ್ರಿಂಗಿನ ಬಿಗಿತ 35,000, ಕುಣಿತ ತಡೆಯುವ ಡ್ಯಾಂಪರ್ 4,500. ಅದು 1,500 ಕೆಜಿ ಕಾರಿಗೆ ಹೊಂದುವ ಅಂಕಿ. ಚಾಲಕ ಸೇರಿ 720 ಕೆಜಿ ಕಾರಿನ ಒಂದು ಚಕ್ರದ ಮೇಲೆ ಬೀಳುವುದು 180 ಕೆಜಿ. ಸೆಕೆಂಡಿಗೆ 1.5 ಬಾರಿ ಮೇಲೆ ಕೆಳಗೆ ಆಡುವ ಮೆತ್ತನೆಯ ಗುಣ ಬೇಕಾದರೆ ಸ್ಪ್ರಿಂಗ್ ಸುಮಾರು 16,000 ಸಾಕು. ಆ ಸ್ಪ್ರಿಂಗಿನ ಕುಣಿತವನ್ನು ಪೂರ್ತಿ ತಡೆಯುವ ಡ್ಯಾಂಪರ್ ಸುಮಾರು 3,400, ನಾವು ಇಡುವುದು ಅದರ ಶೇ 30, ಅಂದರೆ ಸುಮಾರು 1,000. ಸ್ಪ್ರಿಂಗ್ ಇಳಿಸಿ ಡ್ಯಾಂಪರ್ 4,500ರಲ್ಲೇ ಬಿಟ್ಟರೆ ಚಕ್ರ ಗುಂಡಿಯೊಳಗೆ ಇಳಿಯುವುದೇ ಇಲ್ಲ, ಗಾಳಿಯಲ್ಲೇ ದಾಟಿಬಿಡುತ್ತದೆ, ಹಿಡಿತ ಹೋಗುತ್ತದೆ. ಇದನ್ನು ನೋಡಿ ಕಾರು ಸರಿಯಿಲ್ಲ ಎಂದು ಪಟ್ಟಿಯಿಂದ ಹೊಡೆದುಹಾಕಬೇಡಿ. ಜೊತೆಗೆ ಫಿಸಿಕ್ಸ್ ಹೆಜ್ಜೆ, ಅಂದರೆ ಗೇಮ್ ಚಲನೆಯನ್ನು ಲೆಕ್ಕ ಹಾಕುವ ಅಂತರ, 0.02 ಸೆಕೆಂಡ್ ಇದ್ದರೆ ಗಂಟೆಗೆ 180 ಕಿಮೀ ವೇಗದಲ್ಲಿ ಕಾರು ಒಂದು ಹೆಜ್ಜೆಗೆ 1 ಮೀಟರ್ ಹಾರುತ್ತದೆ. 0.01ಕ್ಕೆ ಇಳಿಸಿ.

ಸದ್ದು ಸಿಗದ ಕಾರನ್ನು ಆರಿಸಬೇಡಿ. ಮೂರು ಸಿಲಿಂಡರ್ ಎಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 75 ಬಾರಿ ಸಿಡಿಯುತ್ತದೆ, ನಾಲ್ಕು ಸಿಲಿಂಡರ್ 100 ಬಾರಿ. ನಾಲ್ಕರ ಸದ್ದನ್ನು ಕೆಳಗಿಳಿಸಿ 800ಕ್ಕೆ ಹಚ್ಚಿದರೆ ಆ ಕಾರು ಓಡಿಸಿದವರು ತಕ್ಷಣ ಹಿಡಿಯುತ್ತಾರೆ. ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ ರೆಕಾರ್ಡ್ ಮಾಡಿದರೆ ಸದ್ದು ತೆಳ್ಳಗಿರುತ್ತದೆ. ಏರಿನಲ್ಲಿ ಎರಡನೇ ಗೇರ್ ಹಾಕಿ ಎಂಜಿನ್ ಮೇಲೆ ಭಾರ ಬಿದ್ದಾಗ ಹಿಡಿಯಬೇಕು. ಸೈಲೆನ್ಸರ್ ಪಕ್ಕ ಒಂದು ಮೈಕ್, ಬಾನೆಟ್ ಒಳಗೆ ಒಂದು, ಸೀಟಿನ ಬಳಿ ಒಂದು.

ದರ್ಜೆ ಹಂಚುವಾಗ ಅಶ್ವಶಕ್ತಿ ನೋಡಬೇಡಿ. ಕಂಪ್ಯೂಟರ್ ಚಾಲಕನನ್ನು ಮೂರೂ ರಸ್ತೆಯಲ್ಲಿ ಓಡಿಸಿ ಸಮಯ ಬರೆದುಕೊಳ್ಳಿ. ಘಾಟಿನಲ್ಲಿ ಸಣ್ಣ ಕಾರು ದೊಡ್ಡದರ ಬೆನ್ನಿಗೇ ಇರುತ್ತದೆ, ಹೆದ್ದಾರಿಯಲ್ಲಿ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೇ ಒಂದೇ ಅಂಕದ ಬದಲು ರಸ್ತೆಗೊಂದು ಅಂಕ ಕೊಟ್ಟೆವು. ಎಲೆಕ್ಟ್ರಿಕ್ ಕಾರು ಎರಡು ತಿರುವಿನ ನಡುವೆ ಎಲ್ಲರನ್ನೂ ಹಿಂದೆ ಹಾಕುತ್ತಿತ್ತು. ಶಕ್ತಿ ಕತ್ತರಿಸುವುದು ಸುಲಭ, ಆದರೆ ಅದು ಆ ಕಾರಿಗೆ ಮಾಡುವ ಅನ್ಯಾಯ. ಅದರ 1,400 ಕೆಜಿ ತೂಕವನ್ನು ಪ್ರಾಮಾಣಿಕವಾಗಿ ಲೆಕ್ಕಕ್ಕೆ ತೆಗೆದುಕೊಂಡು ಬ್ರೇಕ್ ಮತ್ತು ಟೈರಿನ ಬಿಸಿಯನ್ನು ಸೇರಿಸಿದೆವು. ಇಳಿಜಾರಿನ ಕೊನೆಯ ತಿರುವುಗಳಲ್ಲಿ ಮೇಲುಗೈ ತಾನಾಗಿ ಕರಗಿತು.

ಆಟ ಶುರುವಾಗುವುದು 800 ಗುಣದ ಕಾರಿನಿಂದ. ನಿಧಾನ ಎಂಬುದೇ ಇಲ್ಲಿ ಅನುಕೂಲ. ವೇಗ ಹೆಚ್ಚಾದರೆ ಮೂತಿ ಹೊರಗೆ ಸರಿಯುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಮತ್ತೆ ಒಳಗೆ ಬರುತ್ತದೆ. ಹೊಸಬನಿಗೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಅಂಬಾಸಿಡರ್ ಗುಣದ್ದು ನಾಲ್ಕನೆಯದಾಗಿ ತೆರೆಯುತ್ತದೆ, ಅಷ್ಟರಲ್ಲಿ ಹಿಂಭಾಗ ಜಾರಿದರೆ ಸ್ಟಿಯರಿಂಗ್ ಎತ್ತ ತಿರುಗಿಸಬೇಕು ಎಂಬುದು ಕೈಗೆ ಹತ್ತಿರುತ್ತದೆ.