ಕಲ್ಲಿದ್ದಲಿಲ್ಲದೆ ಉಕ್ಕು ತಯಾರಿಸುವುದು ಹೇಗೆ?

ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಬೇಕಾಗಿರುವುದು ಉರಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದಿರಿನಲ್ಲಿ ಕಬ್ಬಿಣ ಆಮ್ಲಜನಕದ ಜೊತೆ ಬೆಸೆದುಕೊಂಡಿರುತ್ತದೆ. ಊದುಕುಲುಮೆಯಲ್ಲಿ, ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿ ಮಾಡಿದ ಕೋಕ್‌ನ ಇಂಗಾಲ ಆ ಆಮ್ಲಜನಕವನ್ನು ಕಿತ್ತುಕೊಂಡು ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಒಂದು ಟನ್ ಉಕ್ಕಿಗೆ ಸುಮಾರು 2 ಟನ್! ಸುಮ್ನೆ ಸೋಲಾರ್ ಹಾಕಿಸಿದರೆ ಇದು ನಿಲ್ಲುವುದಿಲ್ಲ. ಕಿತ್ತುಕೊಳ್ಳುವ ಕೆಲಸಕ್ಕೆ ಬೇರೆ ವಸ್ತು ಬೇಕು. ಅದೇ ಹೈಡ್ರೋಜನ್.

ಸ್ವೀಡನ್ನಿನ ಲೂಲಿಯೊದಲ್ಲಿ ಹೈಡ್ರೋಜನ್ ಬಳಸಿ ಕಬ್ಬಿಣ ತೆಗೆಯುವ ಹೈಬ್ರಿಟ್ ಯೋಜನೆಯವರು 2020ರಲ್ಲಿ ಪ್ರಾಯೋಗಿಕ ಘಟಕ ಶುರು ಮಾಡಿದರು. ಮರುವರ್ಷವೇ ಅಲ್ಲಿನ ಕಬ್ಬಿಣದಿಂದಾದ ಉಕ್ಕು ವೋಲ್ವೊ ಕಂಪನಿಗೆ ಹೋಯಿತು. ಅವರ ದಾರಿ ಹೀಗಿದೆ.

1. ಅದಿರನ್ನು ಉಂಡೆ ಕಟ್ಟುವುದು. ಪುಡಿ ಮಾಡಿ, ಕಲ್ಮಶ ತೆಗೆದು, ಸಣ್ಣ ಪೆಲೆಟ್ ಮಾಡಿ ಸುಡುತ್ತಾರೆ. ಕಲ್ಮಶ ಉಳಿದಷ್ಟೂ ಮುಂದೆ ಕರೆಂಟ್ ಖರ್ಚು ಜಾಸ್ತಿ.

2. ಹೈಡ್ರೋಜನ್ ತೆಗೆಯುವುದು. ಇಡೀ ಲೆಕ್ಕ ನಿಂತಿರುವುದು ಇಲ್ಲೇ. ನೀರಿಗೆ ಕರೆಂಟ್ ಹಾಯಿಸಿ ಅದನ್ನು ಒಡೆಯಬೇಕು. ಒಂದು ಕಿಲೊ ಹೈಡ್ರೋಜನ್‌ಗೆ 50 ಯೂನಿಟ್‌ಗಿಂತ ಜಾಸ್ತಿ ಬೇಕು. ಒಂದು ಟನ್ ಕಬ್ಬಿಣಕ್ಕೆ ಸುಮಾರು 55 ಕಿಲೊ ಹೈಡ್ರೋಜನ್. ಅಂದರೆ ಹತ್ತಿರ ಹತ್ತಿರ 3,000 ಯೂನಿಟ್! ಆ ಕರೆಂಟ್ ಕಲ್ಲಿದ್ದಲಿನಿಂದಲೇ ಬಂದರೆ ಏನು ಬಂತು ಪ್ರಯೋಜನ? ಉತ್ತರ ಸ್ವೀಡನ್ನಿನಲ್ಲಿ ಜಲವಿದ್ಯುತ್ತೂ ಗಾಳಿ ವಿದ್ಯುತ್ತೂ ಇವೆ. ಗಾಳಿ ಚೆನ್ನಾಗಿ ಬೀಸುವಾಗ ಹೈಡ್ರೋಜನ್ ತುಂಬಿಡಲು ನೆಲದಡಿಯ ಬಂಡೆ ಕೊರೆದು 100 ಘನ ಮೀಟರ್‌ನ ಪ್ರಾಯೋಗಿಕ ಉಗ್ರಾಣವನ್ನೂ ಮಾಡಿದ್ದಾರೆ.

3. ಆಮ್ಲಜನಕ ಬಿಡಿಸುವುದು. ಎತ್ತರದ ಶಾಫ್ಟ್ ಕುಲುಮೆಗೆ ಮೇಲಿನಿಂದ ಪೆಲೆಟ್ ಸುರಿದು, ಕೆಳಗಿನಿಂದ ಬಿಸಿ ಹೈಡ್ರೋಜನ್ ಬಿಡುತ್ತಾರೆ. ಹೈಡ್ರೋಜನ್ ಕೆಲಸ ಮಾಡುವಾಗ ಶಾಖವನ್ನು ಹೀರಿಕೊಳ್ಳುತ್ತದೆ, ಅದಕ್ಕೇ ಮೊದಲೇ ಚೆನ್ನಾಗಿ ಕಾಯಿಸಬೇಕು. ಮೇಲಿಂದ ಹೊರಬರುವುದು ನೀರಾವಿ. ಅದನ್ನು ತಣಿಸಿದರೆ ಮತ್ತೆ ನೀರು. ಪೆಲೆಟ್ ಇಲ್ಲಿ ಕರಗುವುದಿಲ್ಲ. ಆಮ್ಲಜನಕ ಹೋದ ಜಾಗದಲ್ಲೆಲ್ಲ ಸಣ್ಣ ತೂತು ಉಳಿದು, ಉಂಡೆ ಉಂಡೆಯಾಗಿಯೇ ಸ್ಪಾಂಜ್ ಐರನ್ ಆಗುತ್ತದೆ.

4. ಕರಗಿಸುವುದು. ವಿದ್ಯುತ್ ಕುಲುಮೆಯಲ್ಲಿ, ಸುಮಾರು 1,600 ಡಿಗ್ರಿಯಲ್ಲಿ. ಉಕ್ಕಿಗೆ ಚೂರು ಇಂಗಾಲ ಬೇಕೇ ಬೇಕು. ಅದನ್ನು ಮರದ ಇದ್ದಿಲಿನಿಂದಲೂ ಕೊಡಬಹುದು.

ಬಳ್ಳಾರಿ, ಕೊಪ್ಪಳದ ಕಡೆಯವರಿಗೆ ಸ್ಪಾಂಜ್ ಐರನ್ ಹೊಸದಲ್ಲ. ಆದರೆ ಅಲ್ಲಿನ, ಉದ್ದ ಕೊಳವೆಯಂಥ ಕುಲುಮೆಗಳಾದ ತಿರುಗುವ ಕಿಲ್ನ್‌ಗಳು ನಡೆಯುವುದು ಕಲ್ಲಿದ್ದಲಿನಿಂದ. ಅದೇ ಕಿಲ್ನ್‌ಗೆ ಹೈಡ್ರೋಜನ್ ಬಿಟ್ಟರೆ ಕೆಲಸ ಆಗುವುದಿಲ್ಲ, ಶಾಫ್ಟ್ ಕುಲುಮೆಯನ್ನೇ ಕಟ್ಟಬೇಕು. ಅಲ್ಲಿಯವರೆಗೆ ಗುಜರಿ ಕಬ್ಬಿಣಕ್ಕೆ ಮೊದಲ ಮಣೆ ಹಾಕಬೇಕು ಅನ್ನುವುದು ನನ್ನ ಮಾತು. ಅದರ ಆಮ್ಲಜನಕವನ್ನು ಒಮ್ಮೆ ತೆಗೆದಾಗಿದೆ, ಹಾಗಾಗಿ ನೇರ ನಾಲ್ಕನೇ ಹಂತಕ್ಕೇ ಹೋಗಬಹುದು.